ಯಾವುದಾದ ಮೇಲೆ ಯಾವುದು ಎಂಬುದನ್ನು ಬರೆದಿಡಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಬಂದು ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿರುವ ತಮ್ಮಂದಿರಿಗೆ, ತಂಗಿಯರಿಗೆ,



ನಿಮ್ಮಲ್ಲಿ ಹಲವರು ದಾವಣಗೆರೆಯ ಯುಬಿಡಿಟಿ, ಬಿಐಇಟಿ, ಜಿಎಂಐಟಿಗಳಲ್ಲಿ ಓದಿ ಬೆಂಗಳೂರು ಸೇರಿದವರು. ಇನ್ನು ಕೆಲವರು ಡಿಪ್ಲೊಮಾ ಮುಗಿಸಿ ದಾವಣಗೆರೆ, ಶಿವಮೊಗ್ಗದಲ್ಲೇ ಉಳಿದು ಆಸ್ಪತ್ರೆ, ಕಾಲೇಜು, ಸಹಕಾರ ಸಂಘಗಳ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೀರಿ. ಹುದ್ದೆಯ ಹೆಸರು ಒಬ್ಬರಿಗೆ ಸಿಸ್ಟಮ್ ಅಡ್ಮಿನ್, ಇನ್ನೊಬ್ಬರಿಗೆ ಡೆವ್‌ಆಪ್ಸ್ ಇಂಜಿನಿಯರ್. ಕೆಲಸ ಮಾತ್ರ ಒಂದೇ. ಹತ್ತಾರು, ನೂರಾರು ಯಂತ್ರಗಳಿಗೆ ಯಾವ ಪ್ಯಾಕೇಜ್ ಹಾಕಬೇಕು, ಯಾವಾಗ ಅಪ್‌ಡೇಟ್ ಮಾಡಬೇಕು, ಅದಾದ ಮೇಲೆ ಯಾವ ಸರ್ವಿಸ್ ರೀಸ್ಟಾರ್ಟ್ ಆಗಬೇಕು ಎಂಬುದನ್ನೆಲ್ಲ ಆನ್ಸಿಬಲ್, ಪಪೆಟ್, ಸಾಲ್ಟ್‌ನಂಥ ಸಾಧನಗಳಲ್ಲಿ ಬರೆದು ತಾನಾಗಿಯೇ ನಡೆಯುವಂತೆ ಮಾಡುವುದು. ನಾನೂ ನಿಮ್ಮ ಸೀಮೆಯವನೇ, ಇದೇ ಕೆಲಸದಲ್ಲಿ ತಲೆ ನರೆತವನು. ನಿಮಗೆಲ್ಲ ಒಟ್ಟಿಗೆ ಹೇಳಬೇಕಾದ ಮಾತೊಂದಿದೆ. ನಿಮ್ಮ ಮೇಲಧಿಕಾರಿಗಳೂ ಸಂಘಗಳ ಕಾರ್ಯದರ್ಶಿಗಳೂ ಅದನ್ನು ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಆ ಮಾತು ಇಷ್ಟೇ. ನಿಮ್ಮ ಸರ್ವರ್‌ಗಳಲ್ಲಿ ಯಾವುದಾದ ಮೇಲೆ ಯಾವುದು ನಡೆಯಬೇಕು ಎಂಬ ಕ್ರಮ ನಿಮ್ಮ ತಲೆಯಲ್ಲಿ ಉಳಿಯಬಾರದು, ಫೈಲಿನ ಸಾಲುಗಳ ನಡುವೆ ಅಡಗಿಯೂ ಕೂರಬಾರದು. ಯಾವುದು ಯಾವುದನ್ನು ನೆಚ್ಚಿಕೊಂಡಿದೆ, ಏಕೆ ನೆಚ್ಚಿಕೊಂಡಿದೆ ಎಂಬುದನ್ನು ಕೋಡ್‌ನಲ್ಲಿ ಬಿಡಿಸಿ ಬರೆಯಿರಿ. ಬರೆದದ್ದನ್ನು ಖಾಲಿ ಯಂತ್ರದ ಮೇಲೆ ಮತ್ತೆ ಮತ್ತೆ ಓಡಿಸಿ ನೋಡಿ.

ಇದು ನಮ್ಮ ಕಸುಬಿನವರ ಒಳಗಿನ ಮಾತಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಜಗಳೂರು ಕಡೆಯ ಹಳ್ಳಿಯಿಂದ ಜಾತಿ, ಆದಾಯ ಪ್ರಮಾಣಪತ್ರಕ್ಕೆಂದು ನಾಡಕಚೇರಿಗೆ ಬಂದವರು, ಪಡಿತರ ಅಂಗಡಿಯ ಮುಂದೆ ಬೆರಳಚ್ಚು ಕೊಡಲು ನಿಂತವರು, ಸೊಸೈಟಿಗೆ ಬೆಳೆ ಸಾಲ ನವೀಕರಿಸಲು ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಎಷ್ಟು ಸಲ ಕೇಳಿದ್ದಾರೆಂಬುದು ನಿಮಗೆ ಗೊತ್ತು. ನಿಮ್ಮ ಮನೆಯವರೇ ಕೇಳಿರುತ್ತಾರೆ. ಆ ಒಂದು ಮಾತಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಎರಡರಷ್ಟಾಗುತ್ತದೆ. 2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಯೋಜನೆಗಳ ನೋಂದಣಿ ಶುರುವಾದಾಗ ಸರ್ವರ್ ಸಮಸ್ಯೆ ರಾಜ್ಯದ ಉದ್ದಗಲಕ್ಕೂ ಸುದ್ದಿಯಾಗಿತ್ತು. ಎಲ್ಲಕ್ಕೂ ಅಪ್‌ಡೇಟ್ ಕಾರಣವೆಂದು ನಾನು ಹೇಳುವುದಿಲ್ಲ. ಜನ ಒಮ್ಮೆಗೇ ನುಗ್ಗಿದರೂ ಸರ್ವರ್ ನಿಲ್ಲುತ್ತದೆ, ನೆಟ್‌ವರ್ಕ್ ಹೋದರೂ ನಿಲ್ಲುತ್ತದೆ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ತಡವರಿಸಿದ್ದಕ್ಕೆ ಹೊರಗಿನವರ ಸೈಬರ್ ದಾಳಿ ಕಾರಣವೆಂದು ಸರ್ಕಾರ ಹೇಳಿತು. ದಾಳಿ ಯಾವಾಗ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ನಾವೇ ಮಾಡುವ ಬದಲಾವಣೆಯ ಕ್ರಮ ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಅದರಲ್ಲಿ ಎಡವಿ ಜನರನ್ನು ವಾಪಸ್ ಕಳಿಸಿದರೆ ಹೊಣೆಯೂ ಪೂರ್ತಿ ನಮ್ಮದೇ.

ಕ್ರಮವೆಂದರೆ ಏನು ಎಂಬುದು ಅಡಿಕೆ ಸೀಮೆಯ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೊಯ್ದ ಹಸಿ ಅಡಿಕೆಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಆಮೇಲೆ ಅಂಗಳದಲ್ಲಿ ಒಣಗಿಸುತ್ತೇವೆ. ಈ ಮೂರರ ಸಾಲು ತಪ್ಪುವಂತಿಲ್ಲ. ಆದರೆ ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸುವುದು ಸುಲಿಯುವ ಕೆಲಸಕ್ಕಾಗಿ ಕಾಯಬೇಕಿಲ್ಲ, ಎರಡೂ ಜೊತೆಜೊತೆಗೆ ನಡೆಯಬಹುದು. ಬೇಯಿಸುವುದು ಮಾತ್ರ ಎರಡೂ ಮುಗಿಯುವವರೆಗೆ ಕಾಯಬೇಕು. ಸರ್ವರ್ ಕೆಲಸದಲ್ಲೂ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕಾಗಿಲ್ಲ. ನಿಜವಾಗಿ ಕಾಯಲೇಬೇಕಾದದ್ದು ಯಾವುದು, ಕಾಯದೆ ನಡೆಯಬಹುದಾದದ್ದು ಯಾವುದು ಎಂದು ಬೇರ್ಪಡಿಸುವುದೇ ಅವಲಂಬನೆಯ ನಿರ್ವಹಣೆ. ಹಾಗೆ ಬೇರ್ಪಡಿಸಿದ್ದನ್ನು ಸಾಲಾಗಿ ಜೋಡಿಸುವುದಕ್ಕೆ ಗಣಿತದಲ್ಲಿ ಟೋಪಾಲಜಿಕಲ್ ಸಾರ್ಟ್ ಎನ್ನುತ್ತಾರೆ. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ ಬಲು ಸರಳ: ಯಾವುದಕ್ಕೂ ಕಾಯದ ಕೆಲಸಗಳನ್ನು ಮೊದಲು ತೆಗೆದುಕೊಳ್ಳಿ, ಮುಗಿದಂತೆ ಅವನ್ನು ಪಟ್ಟಿಯಿಂದ ತೆಗೆಯಿರಿ, ಆಗ ಹೊಸದಾಗಿ ಬಿಡುಗಡೆಯಾದವನ್ನು ತೆಗೆದುಕೊಳ್ಳಿ. ಕೊನೆಗೆ ಏನಾದರೂ ಉಳಿದರೆ ಅವು ಒಂದಕ್ಕೊಂದು ಕಾಯುತ್ತ ಸುತ್ತು ಹಾಕಿಕೊಂಡಿವೆ ಎಂದರ್ಥ. ಪಪೆಟ್‌ನಲ್ಲಿ ಇಂಥ ಸುತ್ತು ಸಿಕ್ಕಿದರೆ ಅದು ಒಂದು ಕೆಲಸವನ್ನೂ ಮುಟ್ಟದೆ ಅಲ್ಲೇ ನಿಲ್ಲುತ್ತದೆ. ಅದು ಒಳ್ಳೆಯದೇ. ಆಗ ಕೈಗೆ ಸಿಕ್ಕ ಒಂದು ಅವಲಂಬನೆಯನ್ನು ಅಳಿಸಿ ಮುಂದೆ ಹೋಗಬೇಡಿ. ಸಾಮಾನ್ಯವಾಗಿ ಸುತ್ತಿನೊಳಗಿನ ಯಾವುದೋ ಒಂದು ಕೆಲಸದಲ್ಲಿ ಎರಡು ಕೆಲಸ ಸೇರಿಕೊಂಡಿರುತ್ತವೆ. ಅದನ್ನು ಹುಡುಕಿ ಬಿಡಿಸಿ.

ಪ್ಯಾಕೇಜ್ ಮ್ಯಾನೇಜರ್ ಇರುವಾಗ ಈ ತಲೆನೋವು ನಮಗೇಕೆ ಎಂದು ಹೊಸಬರು ಕೇಳುತ್ತಾರೆ. ಪ್ಯಾಕೇಜ್‌ಗಳ ನಡುವಿನ ಅವಲಂಬನೆಯನ್ನು ಎಪಿಟಿ, ಡಿಎನ್‌ಎಫ್‌ಗಳು ನೋಡಿಕೊಳ್ಳುತ್ತವೆ, ನಿಜ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿ ಎಂದರೆ ಅದಕ್ಕೆ ಬೇಕಾದ ಲೈಬ್ರರಿಗಳನ್ನು ತಾವೇ ಮೊದಲು ತರುತ್ತವೆ. ಆದರೆ ಅವುಗಳ ತಿಳಿವಳಿಕೆ ಒಂದು ಯಂತ್ರದ ಒಳಗೆ, ಪ್ಯಾಕೇಜ್‌ಗಳ ಮಟ್ಟಿಗೆ ಮಾತ್ರ. ನಿಮ್ಮ ಅಪ್ಲಿಕೇಶನ್‌ನ ಹೊಸ ಆವೃತ್ತಿಗೆ ಡೇಟಾಬೇಸ್‌ನಲ್ಲಿ ಹೊಸ ಕಾಲಂ ಬೇಕೆಂಬುದು ಎಪಿಟಿಗೆ ಗೊತ್ತಿಲ್ಲ. ಪಕ್ಕದ ಯಂತ್ರದ ಡೇಟಾಬೇಸ್ ಎದ್ದು ನಿಂತ ಮೇಲೆಯೇ ಈ ಯಂತ್ರದ ಸರ್ವಿಸ್ ಶುರುವಾಗಬೇಕೆಂಬುದೂ ಗೊತ್ತಿಲ್ಲ. ಪ್ಯಾಕೇಜ್‌ನ ಆಚೆಗಿನ ಈ ಅವಲಂಬನೆಗಳು ನಿಮಗೆ ಮಾತ್ರ ಗೊತ್ತು. ನೀವು ಬರೆಯದಿದ್ದರೆ ಬೇರೆಲ್ಲೂ ಸಿಗುವುದಿಲ್ಲ.

ಪ್ಯಾಕೇಜ್ ಹಾಕುವ ದಿನನಿತ್ಯದ ಕೆಲಸವನ್ನೇ ಹತ್ತಿರದಿಂದ ನೋಡೋಣ. ಉಬುಂಟು ಯಂತ್ರವೊಂದಕ್ಕೆ ಹೊರಗಿನ ರೆಪೊಸಿಟರಿಯಿಂದ ಪೋಸ್ಟ್‌ಗ್ರೆಸ್ ಹಾಕಬೇಕು. ಮೊದಲು ಆ ರೆಪೊಸಿಟರಿಯ ಸಹಿಯ ಕೀ ಬರಬೇಕು. ಆಮೇಲೆ ರೆಪೊಸಿಟರಿಯ ವಿಳಾಸ. ಆಮೇಲೆ ಪ್ಯಾಕೇಜ್ ಪಟ್ಟಿಯ ಅಪ್‌ಡೇಟ್. ಅದಾದ ಮೇಲೆ ಪ್ಯಾಕೇಜ್, ಕಾನ್ಫಿಗರೇಶನ್ ಫೈಲ್, ಕೊನೆಗೆ ಸರ್ವಿಸ್. ಕೀ ಇಲ್ಲದೆ ಪಟ್ಟಿ ತರಲು ಹೋದರೆ ಸಹಿ ತಾಳೆಯಾಗದೆ ತಿರಸ್ಕಾರವಾಗುತ್ತದೆ. ಪಟ್ಟಿಯನ್ನು ಅಪ್‌ಡೇಟ್ ಮಾಡದೆ ಪ್ಯಾಕೇಜ್ ಕೇಳಿದರೆ ಇನ್ನೊಂದು ಪೇಚು. ಯಂತ್ರದ ಇಮೇಜ್ ಆರು ತಿಂಗಳ ಹಿಂದಿನದು ಎಂದಿಟ್ಟುಕೊಳ್ಳಿ. ಅದರೊಳಗಿನ ಹಳೆಯ ಪಟ್ಟಿ ಹಳೆಯ ಆವೃತ್ತಿಯನ್ನೇ ಕೇಳುತ್ತದೆ. ರೆಪೊಸಿಟರಿಯಲ್ಲಿ ಆ ಫೈಲ್ ತೆಗೆದು ಹೊಸದನ್ನು ಇಟ್ಟಿರುತ್ತಾರೆ. ಫೈಲ್ ಸಿಗಲಿಲ್ಲವೆಂದು 404 ಉತ್ತರ ಬರುತ್ತದೆ, ಈ ಕೆಲಸಗಳನ್ನು ಬರೆದಿಟ್ಟ ಆನ್ಸಿಬಲ್ ಫೈಲ್, ಅಂದರೆ ಪ್ಲೇಬುಕ್, ಅಲ್ಲೇ ನಿಲ್ಲುತ್ತದೆ. ನಿಮ್ಮ ಹಳೆಯ ಯಂತ್ರಗಳಲ್ಲಿ ಇದೇ ಪ್ಲೇಬುಕ್ ಸಲೀಸಾಗಿ ಓಡುತ್ತಿತ್ತು, ಏಕೆಂದರೆ ಅವುಗಳ ಪಟ್ಟಿಯನ್ನು ಬೇರೆ ಯಾರೋ ಆಗಾಗ ಅಪ್‌ಡೇಟ್ ಮಾಡುತ್ತಿದ್ದರು. ಕ್ರಮದ ತಪ್ಪು ಹೀಗೆ ಹಳೆಯ ಯಂತ್ರಗಳಲ್ಲಿ ಅಡಗಿದ್ದು, ತುರ್ತಾಗಿ ಹೊಸ ಯಂತ್ರ ಬೇಕಾದ ದಿನವೇ ಹೊರಗೆ ಬರುತ್ತದೆ.

ಇದಕ್ಕೆ ಪರಿಹಾರ ಒಂದೊಂದೇ ಸಾಲಿನದು. ಪಪೆಟ್‌ನಲ್ಲಿ ಪಟ್ಟಿಯ ಅಪ್‌ಡೇಟ್ ಎಲ್ಲ ಪ್ಯಾಕೇಜ್‌ಗಳಿಗಿಂತ ಮೊದಲು ಆಗಲಿ ಎಂದು ಬಾಣದ ಗುರುತಿನಿಂದ ಒಂದೇ ಸಾಲಿನಲ್ಲಿ ಹೇಳಬಹುದು. ಹಾಗೆ ಬರೆಯುವಾಗ ಒಂದು ಎಚ್ಚರ ಬೇಕು. ಪಟ್ಟಿ ತರಲು ಬೇಕಾದ ಪ್ಯಾಕೇಜ್‌ಗಳನ್ನೂ ಅದೇ ಬಾಣದ ಹಿಂದೆ ನಿಲ್ಲಿಸಿದರೆ ನಾನು ಮೇಲೆ ಹೇಳಿದ ಸುತ್ತು ಬೀಳುತ್ತದೆ. ಆನ್ಸಿಬಲ್‌ನಲ್ಲಿ ಪಟ್ಟಿ ಒಂದು ಗಂಟೆಗಿಂತ ಹಳೆಯದಾಗಿದ್ದರೆ ಮಾತ್ರ ಮತ್ತೆ ತಾ ಎಂದು ಹೇಳಬಹುದು. ಅಪ್‌ಡೇಟ್ ಮಾಡುವಾಗ ಎದುರಾಗುವ ಮತ್ತೊಂದು ಪ್ರಸಂಗವಿದೆ. ನೀವು ತಿದ್ದಿದ ಕಾನ್ಫಿಗರೇಶನ್ ಫೈಲನ್ನು ಪ್ಯಾಕೇಜ್ ಮಾಡಿದವರೂ ತಿದ್ದಿದ್ದರೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಎಪಿಟಿಯ ಕೆಳಗೆ ಪ್ಯಾಕೇಜ್ ಹಾಕುವ ಡಿಪಿಕೆಜಿ ಪರದೆಯ ಮೇಲೆ ಕೇಳುತ್ತದೆ. ರಾತ್ರಿ ಎರಡು ಗಂಟೆಗೆ ತಾನಾಗಿಯೇ ಓಡುವ ಕೆಲಸಕ್ಕೆ ಉತ್ತರ ಕೊಡಲು ಅಲ್ಲಿ ಯಾರಿರುತ್ತಾರೆ? ನಮ್ಮ ಫೈಲ್ ಉಳಿಯಲಿ, ಪ್ರಶ್ನೆ ಕೇಳಬೇಡ ಎಂಬುದನ್ನು ಮೊದಲೇ ಬರೆದಿರಬೇಕು.

ಕ್ರಮದ ವಿಷಯದಲ್ಲಿ ಈ ಸಾಧನಗಳು ಒಂದೊಂದೂ ಒಂದೊಂದು ದಾರಿ ಹಿಡಿದಿವೆ. 1993ರಲ್ಲಿ ಓಸ್ಲೊದಲ್ಲಿ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ಶುರು ಮಾಡಿದಾಗ, ಯಂತ್ರ ಹೇಗಿರಬೇಕೆಂದು ಹೇಳಿ ಸಾಕು, ಪದೇ ಪದೇ ಓಡಿ ಅದು ಆ ಸ್ಥಿತಿಗೆ ಬಂದು ಸೇರುತ್ತದೆ ಎಂಬ ನಂಬಿಕೆಯಿತ್ತು. 2005ರಲ್ಲಿ ಲ್ಯೂಕ್ ಕೇನೀಸ್ ತಂದ ಪಪೆಟ್‌ನಲ್ಲಿ ಮೊದಮೊದಲು ಸಾಲುಗಳ ಅನುಕ್ರಮಕ್ಕೆ ಬೆಲೆಯೇ ಇರಲಿಲ್ಲ. ಇದು ಅದಕ್ಕಿಂತ ಮೊದಲು, ಇದು ಅದಾದ ಮೇಲೆ ಎಂದು ಬರೆದರೆ ಮಾತ್ರ ಕ್ರಮ. 2015ರಲ್ಲಿ ಬಂದ ಪಪೆಟ್ 4 ಬೇರೆ ಏನೂ ಹೇಳದಿದ್ದಾಗ ಬರೆದ ಸಾಲಿನ ಅನುಕ್ರಮವನ್ನೇ ಹಿಡಿಯಿತು. 2012ರಲ್ಲಿ ಮೈಕೆಲ್ ಡಿಹಾನ್ ಬಿಡುಗಡೆ ಮಾಡಿದ ಆನ್ಸಿಬಲ್ ಮೊದಲಿಂದಲೂ ಮೇಲಿಂದ ಕೆಳಕ್ಕೆ ಓಡುತ್ತದೆ. ಸಾಲಿನ ಅನುಕ್ರಮ ಬಂದಮೇಲೆ ಕೆಲಸ ಸುಲಭವಾಯಿತು, ಅಪಾಯವೂ ಅಲ್ಲಿಯೇ ಹುಟ್ಟಿತು. ಏಳನೇ ಸಾಲು ಎಂಟನೇ ಸಾಲಿಗಿಂತ ಮೊದಲಿರುವುದು ಅಗತ್ಯಕ್ಕೋ, ಬರೆದವರಿಗೆ ಆ ಹೊತ್ತಿಗೆ ಹಾಗೆ ತೋಚಿದ್ದಕ್ಕೋ ಎಂಬುದು ಆಮೇಲೆ ಬಂದವರಿಗೆ ತಿಳಿಯುವುದಿಲ್ಲ. ಅವರು ಅಚ್ಚುಕಟ್ಟು ಮಾಡಲೆಂದು ಸಾಲುಗಳನ್ನು ಅದಲುಬದಲು ಮಾಡುತ್ತಾರೆ, ಎಲ್ಲಿಯೋ ಏನೋ ಮುರಿಯುತ್ತದೆ. ಅದಕ್ಕೇ ಕಾರಣವನ್ನೂ ಬರೆಯಿರಿ ಎನ್ನುತ್ತಿರುವುದು.

ಆನ್ಸಿಬಲ್ ಬಳಸುವವರು ಒಂದು ಬಲೆಯನ್ನು ಚೆನ್ನಾಗಿ ನೆನಪಿಡಬೇಕು. ಕಾನ್ಫಿಗರೇಶನ್ ಬದಲಾದರೆ ಸರ್ವಿಸ್ ರೀಸ್ಟಾರ್ಟ್ ಮಾಡು ಎಂದು ಹ್ಯಾಂಡ್ಲರ್‌ಗೆ ಹೇಳಿರುತ್ತೀರಿ. ಹ್ಯಾಂಡ್ಲರ್ ಓಡುವುದು ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ. ನಡುವೆ ಬೇರೆ ಯಾವುದೋ ಕೆಲಸ ಕೆಟ್ಟರೆ ಆ ಯಂತ್ರದಲ್ಲಿ ಪ್ಲೇ ನಿಲ್ಲುತ್ತದೆ, ಹ್ಯಾಂಡ್ಲರ್ ಓಡುವುದೇ ಇಲ್ಲ. ನೀವು ಕೆಟ್ಟದ್ದನ್ನು ಸರಿಪಡಿಸಿ ಮತ್ತೆ ಓಡಿಸುತ್ತೀರಿ. ಈಗ ಕಾನ್ಫಿಗರೇಶನ್ ಫೈಲ್ ಆಗಲೇ ಹೊಸದಾಗಿದೆ, ಬದಲಾವಣೆ ಇಲ್ಲ ಎಂದು ಆನ್ಸಿಬಲ್ ಮುಂದೆ ಹೋಗುತ್ತದೆ. ಹ್ಯಾಂಡ್ಲರ್‌ಗೆ ಈ ಸಲ ಕರೆಯೇ ಬರುವುದಿಲ್ಲ. ಪರದೆಯ ಮೇಲೆ ಎಲ್ಲ ಹಸಿರು. ಡಿಸ್ಕಿನ ಮೇಲೆ ಹೊಸ ಫೈಲ್ ಇದೆ, ಸರ್ವಿಸ್ ಮಾತ್ರ ಹಳೆಯ ಕಾನ್ಫಿಗರೇಶನ್ ಹಿಡಿದೇ ಓಡುತ್ತಿದೆ. ತಿಂಗಳುಗಟ್ಟಲೆ ಹಾಗೇ ಓಡಿ, ಯಾವುದೋ ದಿನ ಕರೆಂಟ್ ಹೋಗಿ ಯಂತ್ರ ಎದ್ದಾಗ ಹೊಸ ಫೈಲಿನ ತಪ್ಪು ಬಯಲಾಗುತ್ತದೆ. ಆ ತಪ್ಪು ಯಾವ ಬದಲಾವಣೆಯಿಂದ ಬಂತೆಂದು ಹುಡುಕುವವರ ಪಾಡು ಬೇಡ. ರೀಸ್ಟಾರ್ಟ್ ಮುಂದಿನ ಕೆಲಸಕ್ಕೆ ಅಗತ್ಯವಾಗಿದ್ದರೆ ಹ್ಯಾಂಡ್ಲರ್‌ಗಳನ್ನು ಅಲ್ಲೇ ಓಡಿಸಿ. ಕೆಲಸ ಕೆಟ್ಟರೂ ಹ್ಯಾಂಡ್ಲರ್ ಓಡಲೇಬೇಕೆಂಬ ಸೆಟ್ಟಿಂಗ್ ಇದೆ, ಅದನ್ನು ಯೋಚಿಸಿ ಬಳಸಿ.

ಇನ್ನೊಂದು ಕಡೆ ನಾವು ಸುಲಭದ ದಾರಿ ಹಿಡಿಯುತ್ತೇವೆ. ಪ್ಯಾಕೇಜ್‌ನ ಆವೃತ್ತಿ ಹೇಳದೆ, ಹೊಸದು ಯಾವುದಿದೆಯೋ ಅದು ಇರಲಿ ಎಂದು ಬರೆಯುತ್ತೇವೆ. ಸೋಮವಾರ ಕಟ್ಟಿದ ಯಂತ್ರಕ್ಕೂ ಮುಂದಿನ ಶುಕ್ರವಾರ ಕಟ್ಟಿದ ಯಂತ್ರಕ್ಕೂ ಕೋಡ್ ಒಂದೇ, ಯಂತ್ರಗಳು ಮಾತ್ರ ಬೇರೆ. 2002ರಲ್ಲಿ ಸ್ಟೀವ್ ಟ್ರಾಗಾಟ್ ಮತ್ತು ಲ್ಯಾನ್ಸ್ ಬ್ರೌನ್ ಯೂಸೆನಿಕ್ಸ್‌ನ ಲಿಸಾ ಸಮ್ಮೇಳನದಲ್ಲಿ ಕ್ರಮ ಏಕೆ ಮುಖ್ಯ ಎಂಬುದನ್ನೇ ವಿಷಯವಾಗಿಟ್ಟು ಪ್ರಬಂಧ ಮಂಡಿಸಿದರು. ಎರಡು ಯಂತ್ರಗಳು ಒಂದೇ ರೀತಿ ನಡೆದುಕೊಳ್ಳಬೇಕಾದರೆ ಎರಡಕ್ಕೂ ಅದೇ ಬದಲಾವಣೆಗಳನ್ನು ಅದೇ ಕ್ರಮದಲ್ಲಿ ಮಾಡುವುದೇ ಅತಿ ಕಡಿಮೆ ಖರ್ಚಿನ ದಾರಿ ಎಂಬುದು ಅವರ ವಾದ. ಎರಡು ದಶಕ ಕಳೆದರೂ ಅದಕ್ಕೆ ಮುಪ್ಪು ಬಂದಿಲ್ಲ. ಪ್ರತಿ ಪ್ಯಾಕೇಜ್‌ನ ಆವೃತ್ತಿಯನ್ನು ಕೈಯಿಂದ ಬರೆಯುವುದು ಕಷ್ಟವೆನಿಸಿದರೆ ರೆಪೊಸಿಟರಿಯ ಒಂದು ದಿನದ ಪ್ರತಿಯನ್ನೇ ಹಿಡಿದಿಟ್ಟುಕೊಳ್ಳಿ. ಆಪ್ಟ್‌ಲಿ, ಪಲ್ಪ್‌ನಂಥ ಸಾಧನಗಳು ಅದಕ್ಕೆಂದೇ ಇವೆ. ಪರೀಕ್ಷೆಯ ಯಂತ್ರ ಯಾವ ಪ್ರತಿಯಿಂದ ಅಪ್‌ಡೇಟ್ ಆಯಿತೋ ಅದೇ ಪ್ರತಿಯಿಂದ ಜನ ಬಳಸುವ ಯಂತ್ರವೂ ಅಪ್‌ಡೇಟ್ ಆಗಲಿ. ನಡುವೆ ಹೊಸದೇನೂ ನುಸುಳಬಾರದು.

ಕ್ರಮ ತಪ್ಪಿದರೆ ದೊಡ್ಡವರಿಗೂ ಏನಾಗುತ್ತದೆ ಎಂಬುದಕ್ಕೆ 2023ರ ಮಾರ್ಚ್ 8ರ ಘಟನೆ ನೋಡಿ. ಲೋಕದ ಸಾವಿರಾರು ಕಂಪನಿಗಳ ಸರ್ವರ್‌ಗಳ ಮೇಲೆ ನಿಗಾ ಇಡುವ ಡೇಟಾಡಾಗ್ ಸಂಸ್ಥೆ ತಾನೇ ನೆಲ ಹಿಡಿಯಿತು. ಏನಾಯಿತೆಂದು ಆಮೇಲೆ ಆ ಸಂಸ್ಥೆಯೇ ವಿವರವಾಗಿ ಬರೆದು ಪ್ರಕಟಿಸಿತು. ಅವರ ಬಹುಪಾಲು ಯಂತ್ರಗಳು ಉಬುಂಟು 22.04ರಲ್ಲಿ ಓಡುತ್ತಿದ್ದವು. ಸಿಸ್ಟಮ್‌ಡಿ ಎಂಬ ಪ್ಯಾಕೇಜ್‌ಗೆ ಬಂದ ಭದ್ರತಾ ಅಪ್‌ಡೇಟ್ ತಾನಾಗಿಯೇ ಇಳಿಯಿತು. ಅದರಿಂದ ನೆಟ್‌ವರ್ಕ್ ನೋಡಿಕೊಳ್ಳುವ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ರೀಸ್ಟಾರ್ಟ್ ಆಯಿತು. ರೀಸ್ಟಾರ್ಟ್ ಆಗುವಾಗ ಅದು ತನ್ನದಲ್ಲದ ರೂಟಿಂಗ್ ನಿಯಮಗಳನ್ನು ಅಳಿಸಿಹಾಕಿತು. ಅಳಿಸಿಹೋದವು ಕಂಟೇನರ್‌ಗಳ ಸಂಪರ್ಕ ನೋಡಿಕೊಳ್ಳುವ ಸಿಲಿಯಮ್ ಬರೆದಿಟ್ಟ ನಿಯಮಗಳು. ಯಂತ್ರ ಹೊಸದಾಗಿ ಏಳುವಾಗ ಈ ತೊಂದರೆ ಕಾಣುವುದೇ ಇಲ್ಲ. ಆಗ ನೆಟ್‌ವರ್ಕ್‌ಡಿ ಮೊದಲು ಏಳುತ್ತದೆ, ಸಿಲಿಯಮ್ ಆಮೇಲೆ ಬಂದು ನಿಯಮ ಬರೆಯುತ್ತದೆ. ಅಳಿಸಲು ಏನೂ ಇರುವುದಿಲ್ಲ. ಓಡುತ್ತಿರುವ ಯಂತ್ರದಲ್ಲಿ ನೆಟ್‌ವರ್ಕ್‌ಡಿ ಎರಡನೇ ಸಲ ಎದ್ದಾಗ ಮಾತ್ರ ಕ್ರಮ ತಲೆಕೆಳಗಾಯಿತು. ಈ ಕ್ರಮವನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ದಿನವೂ ಹಾಗೇ ನಡೆಯುತ್ತಿತ್ತು, ಅಷ್ಟೇ.

ಅದಕ್ಕಿಂತ ದೊಡ್ಡ ಪಾಠ ಹೊತ್ತಿನದು. ಅವರ ಸರ್ವರ್‌ಗಳು ಬೇರೆ ಬೇರೆ ಕ್ಲೌಡ್‌ಗಳಲ್ಲಿ, ಬೇರೆ ಬೇರೆ ಖಂಡಗಳಲ್ಲಿ ಇದ್ದವು. ಒಂದು ಬಿದ್ದರೆ ಇನ್ನೊಂದು ಉಳಿಯಲಿ ಎಂದೇ ಹಾಗೆ ಕಟ್ಟಿದ್ದರು. ಆದರೆ ತಾನಾಗಿಯೇ ಓಡುವ ಅಪ್‌ಡೇಟ್‌ಗೆ ಎಲ್ಲ ಕಡೆಯೂ ಒಂದೇ ಹೊತ್ತು ನಿಗದಿಯಾಗಿತ್ತು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 11.30ರಿಂದ ಮಧ್ಯಾಹ್ನ 12.30ರ ಒಳಗೆ ಹತ್ತಾರು ಸಾವಿರ ಯಂತ್ರಗಳು ಒಟ್ಟೊಟ್ಟಿಗೆ ಸಂಪರ್ಕ ಕಳೆದುಕೊಂಡವು. ಬೇರೆ ಬೇರೆ ಇಟ್ಟದ್ದೆಲ್ಲ ಒಂದೇ ಗಡಿಯಾರಕ್ಕೆ ಕಟ್ಟುಬಿದ್ದಿದ್ದವು. ಆಮೇಲೆ ಅವರು ತಾನಾಗಿ ಇಳಿಯುವ ಆ ಅಪ್‌ಡೇಟ್ ದಾರಿಯನ್ನು ಮುಚ್ಚಿದರು, ಬೇರೆಯವರ ನಿಯಮಗಳನ್ನು ಮುಟ್ಟಬೇಡ ಎಂದು ನೆಟ್‌ವರ್ಕ್‌ಡಿಗೆ ಹೇಳಿಟ್ಟರು.

ನಮ್ಮ ಊರಿನ ಕಚೇರಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಡೇಟಾಬೇಸ್‌ನದು. 2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7 ಎಂಬ ಆಪರೇಟಿಂಗ್ ಸಿಸ್ಟಮ್‌ನ ಆಯುಷ್ಯ ಮುಗಿಯಿತು. ಎಷ್ಟೋ ಸಣ್ಣ ಸಂಸ್ಥೆಗಳು ಅದರಿಂದ ರಾಕಿ, ಆಲ್ಮಾಗಳಿಗೆ ಹೋದವು, ಕೆಲವು ಇನ್ನೂ ಹೋಗಬೇಕಿವೆ. ಹೋಗುವ ದಾರಿಯಲ್ಲಿ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯ 2.28 ಆವೃತ್ತಿಯನ್ನು ದಾಟಬೇಕಾಗುತ್ತದೆ. 2018ರಲ್ಲಿ ಬಂದ ಆ ಆವೃತ್ತಿಯಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ನಿಯಮವೇ ಬದಲಾಯಿತು. ಮೊದಲು 11 ಎಂಬುದು 1-1ಕ್ಕಿಂತ ಮುಂಚೆ ಬರುತ್ತಿತ್ತು, ಈಗ 1-1 ಮುಂಚೆ ಬರುತ್ತದೆ. ಇಷ್ಟು ಸಣ್ಣದರಿಂದ ಏನಾದೀತು ಅನ್ನಿಸಬಹುದು. ಪೋಸ್ಟ್‌ಗ್ರೆಸ್ ಪಠ್ಯದ ಇಂಡೆಕ್ಸ್‌ಗಳನ್ನು ಸಾಮಾನ್ಯವಾಗಿ ಈ ಜೋಡಣೆಯ ಮೇಲೆಯೇ ಕಟ್ಟಿರುತ್ತದೆ. ಹಳೆಯ ನಿಯಮದಲ್ಲಿ ಕಟ್ಟಿದ ಇಂಡೆಕ್ಸ್‌ನಲ್ಲಿ ಹೊಸ ನಿಯಮ ಹಿಡಿದು ಹುಡುಕಿದರೆ ಇರುವ ದಾಖಲೆ ಇಲ್ಲವೆಂದು ಉತ್ತರ ಬರಬಹುದು. ಒಬ್ಬರಿಗೆ ಒಂದೇ ನಂಬರ್ ಎಂಬ ನಿಬಂಧನೆ ಇದ್ದರೂ ಅದೇ ನಂಬರ್ ಎರಡು ಸಲ ದಾಖಲಾಗಬಹುದು. ಮನೆ ನಂಬರ್, ಖಾತೆ ನಂಬರ್‌ಗಳಲ್ಲಿ ಅಡ್ಡಗೆರೆ ಬರೆಯುವ ನಮ್ಮ ಕಡೆ ಇದು ದೂರದ ಮಾತಲ್ಲ. ಸಂಘದ ಹಳೆಯ ಸದಸ್ಯರೊಬ್ಬರು ಕೌಂಟರ್‌ಗೆ ಬಂದು ನಿಂತರೆ ಅವರ ಖಾತೆಯೇ ಇಲ್ಲ ಎಂದು ಪರದೆ ಹೇಳುತ್ತದೆ. ದಾಖಲೆ ಡಿಸ್ಕಿನ ಮೇಲೆ ಭದ್ರವಾಗಿಯೇ ಇರುತ್ತದೆ.

ಇಲ್ಲಿಯೂ ಬೇಕಾದದ್ದು ಸರಿಯಾದ ಕ್ರಮ. ಮೊದಲು ಅಪ್ಲಿಕೇಶನ್ ನಿಲ್ಲಿಸಿ, ಬರೆಯುವ ದಾರಿ ಮುಚ್ಚಿ. ಬ್ಯಾಕಪ್ ತೆಗೆದು, ಅದು ಬೇರೆ ಯಂತ್ರದಲ್ಲಿ ತೆರೆದುಕೊಳ್ಳುತ್ತದೆಂದು ನೋಡಿ. ಆಮೇಲೆ ಆಪರೇಟಿಂಗ್ ಸಿಸ್ಟಮ್ ಬದಲಿಸಿ. ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಿ. ಎಲ್ಲ ಮುಗಿದ ಮೇಲೆಯೇ ಅಪ್ಲಿಕೇಶನ್ ಬಾಗಿಲು ತೆಗೆಯಿರಿ. ಎಪಿಟಿಗಾಗಲಿ ಡಿಎನ್‌ಎಫ್‌ಗಾಗಲಿ ಈ ಸಾಲು ಗೊತ್ತಿಲ್ಲ. ಅವುಗಳ ಮಟ್ಟಿಗೆ ಅಪ್‌ಡೇಟ್ ಯಶಸ್ವಿ.

ಹಾಗಾದರೆ ಅಪ್‌ಡೇಟ್ ಮಾಡದೆ ಇದ್ದುಬಿಡೋಣ ಎಂಬ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ. ನಮ್ಮ ಎಷ್ಟೋ ಕಚೇರಿಗಳಲ್ಲಿ ಓಡುತ್ತಿರುವುದನ್ನು ಮುಟ್ಟಬೇಡಿ ಎಂಬುದೇ ನಿಯಮವಾಗಿದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಂದಾಗ, 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ದೋಷ ಹೊರಬಂದಾಗ, ತಡಮಾಡಿದವರ ಬಾಗಿಲು ಕಳ್ಳರಿಗೆ ತೆರೆದೇ ಇತ್ತು. ಹಾರ್ಟ್‌ಬ್ಲೀಡ್‌ನಲ್ಲಿ ಇನ್ನೊಂದು ಪಾಠವೂ ಇತ್ತು. ಲೈಬ್ರರಿ ಅಪ್‌ಡೇಟ್ ಮಾಡಿದರೂ ಅದನ್ನು ಬಳಸುವ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡದಿದ್ದರೆ ಮೆಮೊರಿಯಲ್ಲಿ ಹಳೆಯ ಪ್ರತಿಯೇ ಓಡುತ್ತಿರುತ್ತದೆ. ಪ್ಯಾಕೇಜ್ ಪಟ್ಟಿ ಹೊಸ ಆವೃತ್ತಿ ತೋರಿಸುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಯಾವ ಸರ್ವಿಸ್ ಇನ್ನೂ ಹಳೆಯದನ್ನು ಹಿಡಿದಿದೆ ಎಂದು ನೀಡ್‌ರೀಸ್ಟಾರ್ಟ್ ಎಂಬ ಸಾಧನ ಹುಡುಕಿ ಹೇಳುತ್ತದೆ. ಇನ್ನೊಂದು ಬದಿಯಲ್ಲಿ, ಬಂದದ್ದನ್ನು ಬಂದ ದಿನವೇ ಎಲ್ಲ ಕಡೆ ಸುರಿಯುವುದೂ ಸಲ್ಲದು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದನ್ನು ಆಂಡ್ರೆಸ್ ಫ್ರೊಯಿಂಡ್ ಎಂಬ ಇಂಜಿನಿಯರ್ ಪತ್ತೆ ಮಾಡಿದರು. ಅದೇ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟ್ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಅಂದು ಜನ ಸಾಲುಗಟ್ಟಿ ನಿಂತರು.

ಬೇಗ ಮಾಡಿ, ಸರದಿಯಲ್ಲಿ ಮಾಡಿ. ಮೊದಲು ಪರೀಕ್ಷೆಯ ಯಂತ್ರ. ಆಮೇಲೆ ಜನ ಬಳಸುವ ಯಂತ್ರಗಳಲ್ಲಿ ಒಂದೇ ಒಂದು. ಅದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಕೌಂಟರ್‌ನವರು ಬಳಸುವ ಪುಟವನ್ನೇ ತೆರೆದು ನೋಡುವ ಪರೀಕ್ಷೆ ಇರಲಿ. ಸರ್ವಿಸ್ ಎದ್ದಿದೆ ಎಂಬ ಹಸಿರು ದೀಪ ಸಾಲದು. ಅದಾದ ಮೇಲೆ ಉಳಿದವುಗಳಲ್ಲಿ ಹತ್ತರಲ್ಲೊಂದು ಪಾಲು, ಆಮೇಲೆ ಅರ್ಧ, ಕೊನೆಗೆ ಎಲ್ಲ. ಆನ್ಸಿಬಲ್‌ನಲ್ಲಿ ಈ ಸರದಿಯನ್ನು ಒಂದೇ ಸಾಲಿನಲ್ಲಿ ಬರೆಯಬಹುದು, ಇಷ್ಟು ಯಂತ್ರ ಕೆಟ್ಟರೆ ನಿಲ್ಲಿಸು ಎಂದೂ ಹೇಳಬಹುದು. ಮೂರು ಯಂತ್ರಗಳ ಗುಂಪಿನಲ್ಲಿ ಎರಡು ಸದಾ ಎದ್ದಿರಲೇಬೇಕಾದ ಕಡೆ ಒಂದೊಂದೇ ಮಾಡಿ, ಒಂದು ಪೂರ್ತಿ ಎದ್ದು ಗುಂಪು ಸೇರುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಡೇಟಾಬೇಸ್‌ನಲ್ಲಿ ಕಾಲಂ ಬದಲಿಸುವಾಗ ಮೊದಲು ಹೊಸದನ್ನು ಸೇರಿಸಿ, ಆಮೇಲೆ ಅಪ್ಲಿಕೇಶನ್ ಬದಲಿಸಿ, ಹಳೆಯ ಅಪ್ಲಿಕೇಶನ್ ಎಲ್ಲೂ ಓಡುತ್ತಿಲ್ಲವೆಂದು ಖಚಿತವಾದ ಮೇಲೆ ಹಳೆಯ ಕಾಲಂ ತೆಗೆಯಿರಿ. ಹಾಗೆ ಮಾಡಿದರೆ ನಡುದಾರಿಯಲ್ಲಿ ಹಿಂದೆ ಬರಬೇಕಾದರೂ ದಾರಿ ತೆರೆದಿರುತ್ತದೆ.

ಸಣ್ಣ ಸಂಘಗಳಲ್ಲಿ, ಆಸ್ಪತ್ರೆಗಳಲ್ಲಿ ಒಬ್ಬಂಟಿಯಾಗಿ ಕೆಲಸ ಮಾಡುವವರು ಇಷ್ಟೆಲ್ಲ ಮಾಡಲು ನಮಗೆ ಸಮಯವೆಲ್ಲಿ, ಎರಡನೇ ಯಂತ್ರವೆಲ್ಲಿ ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ವರ್ಚುವಲ್ ಯಂತ್ರವೊಂದನ್ನು ಎಬ್ಬಿಸಬಹುದು, ಅದಕ್ಕೆ ಖರ್ಚಿಲ್ಲ. ಇರುವುದು ಒಂದೇ ಸರ್ವರ್ ಆದರೂ ಅದನ್ನು ಕಟ್ಟುವ ಪ್ಲೇಬುಕ್ ಇರಲಿ. ಅದನ್ನು ತಿಂಗಳಿಗೊಮ್ಮೆ ಖಾಲಿ ವರ್ಚುವಲ್ ಯಂತ್ರದ ಮೇಲೆ ಮೊದಲಿಂದ ಕೊನೆಯವರೆಗೆ ಓಡಿಸಿ. ಓಡಿದ ಕೂಡಲೇ ಮತ್ತೊಮ್ಮೆ ಓಡಿಸಿ. ಎರಡನೇ ಸಲ ಒಂದೂ ಬದಲಾವಣೆ ತೋರಿಸಬಾರದು. ತೋರಿಸಿದರೆ ಯಾವುದೋ ಎರಡು ಕೆಲಸಗಳು ಒಂದನ್ನೊಂದು ಅಳಿಸಿ ಬರೆಯುತ್ತಿವೆ, ಅಥವಾ ಯಾವುದೋ ಕೆಲಸಕ್ಕೆ ತನ್ನ ಕೆಲಸ ಆಗಲೇ ಮುಗಿದಿದೆ ಎಂದು ಗುರುತಿಸಲು ಬರುತ್ತಿಲ್ಲ. ಅದನ್ನು ಅಂದೇ ಸರಿಪಡಿಸಿ.

ಕಾರಣಗಳನ್ನು ಕನ್ನಡದಲ್ಲೇ ಬರೆಯಿರಿ ಎಂದೂ ಕೇಳಿಕೊಳ್ಳುತ್ತೇನೆ. ಆನ್ಸಿಬಲ್‌ನ ಯಾಮಲ್ ಫೈಲುಗಳಲ್ಲಿ ಕನ್ನಡ ಅಕ್ಷರಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಲಸದ ಹೆಸರನ್ನೂ ಅದರ ಮೇಲಿನ ಟಿಪ್ಪಣಿಯನ್ನೂ ಕನ್ನಡದಲ್ಲಿ ಬರೆಯಬಹುದು. ‘ಇಂಡೆಕ್ಸ್ ಕಟ್ಟುವ ಮೊದಲು ಅಪ್ಲಿಕೇಶನ್ ಶುರು ಮಾಡಬೇಡಿ, ಖಾತೆಗಳು ಕಾಣಿಸುವುದಿಲ್ಲ’ ಎಂಬ ಒಂದು ಸಾಲು, ನೀವು ಕೆಲಸ ಬಿಟ್ಟು ಹೋದ ಮೇಲೆ ಹೊನ್ನಾಳಿಯ ಸಂಘಕ್ಕೆ ಬರುವ ಹೊಸ ಹುಡುಗಿಗೆ ಯಾವ ತರಬೇತಿಗಿಂತಲೂ ಹೆಚ್ಚು ನೆರವಾಗುತ್ತದೆ. ಬೆಂಗಳೂರಿನ ಬಹುಭಾಷೆಯ ತಂಡದಲ್ಲಿ ಇಂಗ್ಲಿಷೇ ಇರಲಿ. ನಮ್ಮೂರಿನ ಕಚೇರಿಯಲ್ಲಿ ಓದುವವರ ಭಾಷೆ ಇರಲಿ.

ಸಂಘಗಳ ಕಾರ್ಯದರ್ಶಿಗಳಲ್ಲಿ, ಆಡಳಿತ ಮಂಡಳಿಯವರಲ್ಲಿ ಒಂದು ಬಿನ್ನಹ. ನಿಮ್ಮ ಹುಡುಗರು ಪರೀಕ್ಷೆಗೆಂದು ಒಂದು ಯಂತ್ರ, ತಿಂಗಳಿಗೆ ಅರ್ಧ ದಿನ ಕೇಳಿದರೆ ಇಲ್ಲವೆನ್ನಬೇಡಿ. ಅಪ್‌ಡೇಟ್ ದಿನವನ್ನು ಸಂತೆಯ ದಿನಕ್ಕೆ, ಸಾಲ ಮರುಪಾವತಿಯ ಕೊನೆಯ ವಾರಕ್ಕೆ, ಅಡಿಕೆ ಟೆಂಡರಿನ ದಿನಕ್ಕೆ ಇಡಿಸಬೇಡಿ. ಕ್ರಮ ಬರೆದಿಡದ ಒಬ್ಬನೇ ನಿಪುಣನನ್ನು ನಂಬಿಕೊಂಡು ಕೂರುವುದು ಸಂಘಕ್ಕೂ ಕ್ಷೇಮವಲ್ಲ, ರಜೆ ಸಿಗದ ಆ ನಿಪುಣನಿಗೂ ಕ್ಷೇಮವಲ್ಲ.

ತಮ್ಮಂದಿರೇ, ತಂಗಿಯರೇ, ಇಷ್ಟನ್ನೂ ಒಂದೇ ದಿನ ಮಾಡಿ ಎಂದು ನಾನು ಕೇಳುವುದಿಲ್ಲ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಅತಿ ಮುಖ್ಯವಾದ ಪ್ಲೇಬುಕ್ ತೆಗೆದು, ಪ್ರತಿ ಎರಡು ಕೆಲಸಗಳ ನಡುವೆ ನಿಂತು, ಇದನ್ನು ಅದಕ್ಕಿಂತ ಮೊದಲು ಏಕೆ ಇಟ್ಟಿದ್ದೇನೆ ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದರೆ ಅದನ್ನು ಅಲ್ಲೇ ಬರೆಯಿರಿ. ಗೊತ್ತಿಲ್ಲದಿದ್ದರೆ ವರ್ಚುವಲ್ ಯಂತ್ರದಲ್ಲಿ ಎರಡನ್ನೂ ಅದಲುಬದಲು ಮಾಡಿ ಓಡಿಸಿ, ಏನು ಮುರಿಯುತ್ತದೆ ನೋಡಿ. ಮುರಿದದ್ದು ಅಲ್ಲಿ ಮುರಿಯಲಿ. ನಾಡಕಚೇರಿಯ ಸಾಲಿನಲ್ಲಿ ನಿಂತವರ ಪಾಲಿಗೆ ಅದು ಮುರಿಯದಿದ್ದರೆ ನಮ್ಮ ಕಸುಬು ಸಾರ್ಥಕ.

ಇಂತಿ,
ನಿಮ್ಮ ಸೀಮೆಯ ಹಿರಿಯ ಸರ್ವರ್ ನಿರ್ವಾಹಕ